ಅಡುಗೆಮನೆಯ ಬ್ರದರ್ ಲಾರೆನ್ಸ್

ಚರ್ಚಿನಲ್ಲಿ ಪ್ರಾರ್ಥನೆ ನಡೆಯುವಾಗ ಒಂದು ಮೊಬೈಲ್ ಗುಂಯ್‌ಗುಟ್ಟಿದರೆ ಹತ್ತು ಜನ ತಂತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ದೂರೆಲ್ಲ ಮೊಬೈಲಿನ ಮೇಲೆ. ಆದರೆ ಹದಿನೇಳನೇ ಶತಮಾನದ ಪ್ಯಾರಿಸ್ಸಿನಲ್ಲೇ ಒಬ್ಬರು, ಪ್ರಾರ್ಥನೆಯಲ್ಲಿ ಮನಸ್ಸು ಅಲೆಯುವ ಈ ಕಾಟವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಅವರು ಬ್ರದರ್ ಲಾರೆನ್ಸ್. ಮೊದಲು ಸೈನಿಕ, ಗಾಯಗೊಂಡು ಕಾಲು ಕುಂಟಾಯಿತು. 1640ರಲ್ಲಿ ಕಾರ್ಮೆಲ್ ಸಭೆಯ ಮಠ ಸೇರಿದರು. ಸಿಕ್ಕಿದ್ದು ಅಡುಗೆಮನೆ, ಅದೂ ಅವರಿಗೆ ಸ್ವಲ್ಪವೂ ಹಿಡಿಸದ ಕೆಲಸ. ಪಾತ್ರೆಗಳ ಸದ್ದು, ಒಟ್ಟೊಟ್ಟಿಗೆ ನಾಲ್ಕು ಜನರ ಕೂಗು. ಅದರ ನಡುವೆಯೇ, ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಮೇಲಿನ ಪ್ರೀತಿಗಾಗಿಯೇ ಮಾಡುತ್ತಿದ್ದರು. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಅವರನ್ನು ದೂರದೂರಿಗೂ ಕಳಿಸುತ್ತಿದ್ದರು. ದೋಣಿಯಲ್ಲಿ ನಡೆಯಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೀಚೆ ಹೋಗುತ್ತಿದ್ದರಂತೆ! ವ್ಯಾಪಾರದ ಚಿಂತೆಯನ್ನು ಮಾತ್ರ ದೇವರಿಗೇ ಒಪ್ಪಿಸಿಬಿಡುತ್ತಿದ್ದರು.

ನನಗೆ ಮೆಚ್ಚುಗೆಯಾಗುವುದು ಅಲೆಯುವ ಮನಸ್ಸನ್ನು ಗದರದ ಅವರ ಗುಣ. ಪ್ರಾರ್ಥನೆಗೆ ಕೂತರೆ ಮನಸ್ಸು ಓಡಿಹೋಗುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವರು ಅವರು. ಓಡಿದ್ದು ಗೊತ್ತಾದಾಗ ನಮ್ಮನ್ನು ನಾವೇ ಹಳಿದುಕೊಳ್ಳುತ್ತ ಕೂತರೆ ಅದೂ ಇನ್ನೊಂದು ಅಲೆದಾಟವೇ. ಮೆಲ್ಲಗೆ ಕರೆತಂದರಾಯಿತು, ಅಷ್ಟೆ.

ನಮ್ಮಲ್ಲೂ ದಿನವಿಡೀ ದುಡಿದು ರಾತ್ರಿ ಜಪಮಾಲೆ ಹಿಡಿಯುವ ತಾಯಂದಿರಿದ್ದಾರೆ. ಮೂರನೇ ಮಣಿಗೇ ತೂಕಡಿಕೆ. 'ಇದು ಪಾಪವೇ ಫಾದರ್?' ಎಂಬ ಅಳುಕು ಬೇರೆ. ಲಾರೆನ್ಸ್ ಇದ್ದಿದ್ದರೆ ನಕ್ಕು, 'ರಾತ್ರಿಯವರೆಗೆ ಯಾಕೆ ಕಾಯುತ್ತೀಯಮ್ಮ, ಬೆಳಿಗ್ಗೆ ಅಕ್ಕಿ ಆರಿಸುವಾಗಲೇ ದೇವರನ್ನು ಮಾತಾಡಿಸಬಾರದೆ?' ಎನ್ನುತ್ತಿದ್ದರೇನೋ.