ಮಕ್ಕಳ ಎದೆಗಾರಿಕೆ ಎಲ್ಲಿಂದ ಬರುತ್ತದೆ?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹುಡುಗ ನಪಾಸಾದನೆಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವುದು ಕೈ. ನಾಲ್ಕು ಬಿದ್ದರೆ ಗಟ್ಟಿಯಾಗುತ್ತಾನೆಂದು ನಂಬಿದ್ದೇವೆ. ಏಟು ತಿಂದವನು ಸೋಲನ್ನು ಮುಚ್ಚಿಡುವುದನ್ನು ಕಲಿಯುತ್ತಾನೆ. ಅಂಕಪಟ್ಟಿ ಚೀಲದ ತಳ ಸೇರುತ್ತದೆ. ಕೊನೆಗೊಂದು ದಿನ ಶಾಲೆಯೇ ಬೇಡವೆನ್ನುತ್ತಾನೆ. ನಾವೂ ಹಣೆಬರಹವೆಂದು ಹೋಟೆಲಿಗೋ ಗ್ಯಾರೇಜಿಗೋ ಕಳಿಸುತ್ತೇವೆ.

ಹವಾಯಿ ದ್ವೀಪಸಮೂಹದಲ್ಲಿ ಕವಾಯಿ ಎಂಬ ದ್ವೀಪವಿದೆ. ಕಬ್ಬಿನ ತೋಟದ ಕೂಲಿಗಳಾಗಿ ಹೊರನಾಡುಗಳಿಂದ ಬಂದವರ ಸಂತತಿ ಅಲ್ಲಿ ಬಹಳ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆಯೂ ಅವರ ಜೊತೆಗಾರರೂ ಆ ಮಕ್ಕಳು 40 ಮುಟ್ಟುವ ತನಕ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಮುಂತಾದ ಹಲವು ಕಷ್ಟ ಒಟ್ಟಿಗೆ ಎರಗಿದ ಮಕ್ಕಳಲ್ಲೂ ಮೂರರಲ್ಲೊಂದು ಪಾಲು ನೆಟ್ಟಗೆ ಬೆಳೆದು ನಿಂತರು. ಅವರಿಗಿದ್ದದ್ದೇನು? ಕೈಬಿಡದ ಒಬ್ಬ ಹಿರಿಯರು. ತಾಯಿತಂದೆಯೇ ಆಗಬೇಕೆಂದಿಲ್ಲ, ಅಜ್ಜಿ, ಅಕ್ಕ, ಮೇಷ್ಟರು ಯಾರಾದರೂ ಸರಿ. ಜೊತೆಗೆ, ತಮ್ಮಿಂದ ಮನೆಗೆ ಉಪಯೋಗವಿದೆಯೆಂಬ ಅನುಭವ.

ಇದಕ್ಕೆ ದುಡ್ಡು ಬೇಡ. ರಾತ್ರಿ ಪಾಳಿಯವರು ಹೊರಡುವ ಮುನ್ನ ಕಾಲುಗಂಟೆ ಕೂತು, ಬೈಯದೆ, ಶಾಲೆಯಲ್ಲಿ ಏನಾಯಿತೆಂದು ಕೇಳಬಹುದು. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಅವನಿಂದಲೇ ಹುಡುಕಿಸಬಹುದು. ಅಂಗಡಿಯವರು ಸಂಜೆ ಒಂದು ಡಬ್ಬಿಯ ಚಿಲ್ಲರೆ ಎಣಿಸುವುದನ್ನು ಮಗಳಿಗೆ ವಹಿಸಲಿ. ಶಾಲೆ ತಪ್ಪಿಸಿ ಗಲ್ಲಾದ ಮುಂದೆ ಕೂರಿಸುವುದು ಬೇರೆ ಮಾತು. ಅದು ನಮ್ಮ ಸಂಬಳ ಉಳಿತಾಯ, ಅಷ್ಟೇ! ಇನ್ನು ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಹೀನಾಯವಾಗಿ ಕಾಣುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಾವು ನಾಲ್ಕು ಜನ ಒಟ್ಟಾಗಿ ಹೋಗಿ ಕೇಳಿದರೆ ಮುಖ್ಯೋಪಾಧ್ಯಾಯರು ಕೇಳದಿರಲಾರರು.

ಆದರೆ ಕವಾಯಿಯ ಉಳಿದ ಎರಡು ಪಾಲನ್ನು ಮರೆಯುವಂತಿಲ್ಲ. 18 ತುಂಬುವುದರೊಳಗೆ ಅವರು ಓದಿನಲ್ಲೋ ನಡತೆಯಲ್ಲೋ ಮನಸ್ಸಿನ ಆರೋಗ್ಯದಲ್ಲೋ ಪೆಟ್ಟು ತಿಂದಿದ್ದರು. ಬಡವರ ಮಕ್ಕಳು ಕಷ್ಟದಲ್ಲೇ ಬೆಳಗುತ್ತಾರೆಂದು ಹೊಗಳಿ, ಕಷ್ಟವನ್ನು ಹಾಗೆಯೇ ಬಿಡುವವರು ಈ ಲೆಕ್ಕವನ್ನು ಹೇಳುವುದಿಲ್ಲ. ಪೆಟ್ಟು ತಿಂದವರಲ್ಲೂ ಅನೇಕರು ಮುಂದೆ ಚೇತರಿಸಿಕೊಂಡರು. ದೊಡ್ಡವರಾದ ಮೇಲೆ ಮತ್ತೆ ಓದುವ ಅವಕಾಶ ಅದಕ್ಕೆ ನೆರವಾದವುಗಳಲ್ಲೊಂದು.

ನಮ್ಮಲ್ಲೂ ಎಸ್ಸೆಸ್ಸೆಲ್ಸಿಯಲ್ಲಿ ಸೋತವರು ಅದೇ ವರ್ಷ ಮತ್ತೆ ಕೂರಬಹುದು. ನಮ್ಮ ಕೇರಿಯಲ್ಲಿ ಹಾಗೆ ಉಳಿದವರು ಯಾರು, ಸಂಜೆ ಅವರಿಗೆ ಲೆಕ್ಕ ಹೇಳಿಕೊಡಬಲ್ಲವರು ಯಾರು? ಏಳುವ ಮುಂಚೆ ಇಲ್ಲೇ ಹೆಸರು ಬರೆದುಕೊಳ್ಳೋಣ.