ದೇಶ ಸುತ್ತುವ ಮಾತು ಹೆಣ್ಣುಮಕ್ಕಳಿಗೂ ಸೇರಿದ್ದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ನಾನು ಪ್ರತಿ ವರ್ಷ ಕನ್ನಡ ತರಗತಿಯಲ್ಲಿ ಹೇಳಿಕೊಡುತ್ತೇನೆ. ಮಕ್ಕಳು ಅದನ್ನು ವಿಸ್ತರಿಸಿ ಬರೆದು ಪೂರ್ಣ ಅಂಕ ಪಡೆಯುತ್ತಾರೆ. ಆದರೆ ಕಳೆದ ವರ್ಷ ಶಾಲೆಯ ಪ್ರವಾಸಕ್ಕೆ ಒಪ್ಪಿಗೆ ಚೀಟಿ ಕಳುಹಿಸಿದಾಗ ಗಂಡುಮಕ್ಕಳ ಚೀಟಿಗಳು ಸಹಿಯಾಗಿ ಬಂದವು. ಹೆಣ್ಣುಮಕ್ಕಳ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಹಿಯಿಲ್ಲದೆ ಹಿಂದಿರುಗಿದವು. ಅಂದರೆ ಕೋಶ ಓದುವುದು ಎಲ್ಲರಿಗೂ, ದೇಶ ಸುತ್ತುವುದು ಕೆಲವರಿಗೆ ಎಂದಾಯಿತು. ಇಂದು ಈ ವಿಷಯವಾಗಿಯೇ ಎರಡು ಮಾತು ಹೇಳಲು ಇಚ್ಛಿಸುತ್ತೇನೆ.

ನಾನು ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವಳು. ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನ ಚೀಟಿಯೂ ಖಾಲಿಯಾಗಿಯೇ ಹೋಗಿತ್ತು. ಆ ವರ್ಷ ಪ್ರವಾಸ ಹೊರಟದ್ದು ಉಡುಪಿಯ ಕಡೆಗೆ. "ಬೇಟಿ, ಸಮುದ್ರ, ದೋಣಿ, ಎರಡು ದಿನ ಹೊರಗೆ. ಬೇಡ," ಎಂದರು ಅಬ್ಬಾ. ಹೊಲಿಗೆ ಅಂಗಡಿ ಬಿಟ್ಟು ಅವರೇ ಎಲ್ಲೂ ಹೋದವರಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗೆಳತಿಯರು ತಂದುಕೊಟ್ಟ ಒಂದು ಹಿಡಿ ಕಪ್ಪೆಚಿಪ್ಪು ಬಹಳ ವರ್ಷ ನನ್ನ ಪೆಟ್ಟಿಗೆಯಲ್ಲಿತ್ತು.

ಬಿ.ಎಡ್. ಮುಗಿದು, ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ ಒಂದು ಡಿಸೆಂಬರ್ ರಜೆಯಲ್ಲಿ ಇಬ್ಬರು ಸಹೋದ್ಯೋಗಿ ಶಿಕ್ಷಕಿಯರೊಂದಿಗೆ ಹೊರಟೆ. ಬೆನ್ನಿಗೆ ಒಂದೊಂದು ಚೀಲ, ಅಮ್ಮಿ ಕಟ್ಟಿಕೊಟ್ಟ ರೊಟ್ಟಿ, ಉಪ್ಪಿನಕಾಯಿ. ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು; ಬೆಳಿಗ್ಗೆ ಉಡುಪಿ; ಅಲ್ಲಿಂದ ಮಲ್ಪೆ ಬಂದರು. ಮಲ್ಪೆಯಿಂದ ದೋಣಿಯಲ್ಲಿ ಸಾಗಿದರೆ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಟ್ಟ ಹೆಸರಿನಿಂದ ಇದು ಬಂದಿದೆ ಎಂದು ಹೇಳುತ್ತಾರೆ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ದೋಣಿಗಳು ಹೋಗುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ನೆನಪಿಡಬೇಕು.

ದ್ವೀಪ ಚಿಕ್ಕದು, ತೆಂಗಿನ ಮರಗಳಿವೆ. ಅಚ್ಚರಿಯೆಂದರೆ ಅಲ್ಲಿನ ಕಲ್ಲು. ಬಡಗಿ ಅಳತೆ ಹಿಡಿದು ಕಡೆದಂತೆ ಐದು ಮುಖ, ಆರು ಮುಖದ ಕಂಬಗಳು ಒತ್ತೊತ್ತಾಗಿ ನಿಂತಿವೆ. "ಇದನ್ನು ಯಾವ ರಾಜ ಕಟ್ಟಿಸಿದನೋ!" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಪಕ್ಕದಲ್ಲಿ ನಮ್ಮಂತೆಯೇ ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದ ಹುಡುಗಿ ನಕ್ಕಳು. ಅವಳು ಧಾರವಾಡದಿಂದ ಬಂದ ಭೂಗರ್ಭಶಾಸ್ತ್ರದ ವಿದ್ಯಾರ್ಥಿನಿ.

ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಕಾಲದಲ್ಲಿ ಭೂಮಿಯೊಳಗಿನಿಂದ ಶಿಲಾರಸ ಉಕ್ಕಿತು. ಅದು ನಿಧಾನವಾಗಿ ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರು ಹೇಗೆ ಬಿಲ್ಲೆ ಬಿಲ್ಲೆಯಾಗಿ ಸೀಳುತ್ತದೋ ಹಾಗೆ. ಆ ಬಿರುಕುಗಳು ಮೇಲಿನಿಂದ ಆಳಕ್ಕೆ ಇಳಿದಾಗ ಕಲ್ಲು ಕಂಬಗಳಾಯಿತು. ರಾಜನೂ ಇಲ್ಲ, ಶಿಲ್ಪಿಯೂ ಇಲ್ಲ. ಈ ದ್ವೀಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಆಮೇಲೆ ಆಕೆ ಕೇಳಿದಳು: "ಮೇಡಂ, ಬೆಂಗಳೂರಾಗ ನಿಮ್ಮ ಮನಿ ಎಲ್ಲಿ?"

"ಚಾಮರಾಜಪೇಟೆ."

"ಹಂಗಾರ ಲಾಲ್‌ಬಾಗ್ ಬಂಡಿ ನೋಡೀರೇನ್ರಿ? ಅದರ ಮುಂದ ಈ ಕಲ್ಲು ಇನ್ನೂ ಕೂಸು."

ನನಗೆ ನಾಚಿಕೆಯಾಯಿತು. ಲಾಲ್‌ಬಾಗ್ ನಮ್ಮ ಮನೆಗೆ ಎಷ್ಟು ದೂರ! ಹೈದರ್ ಅಲಿ 1760ರಲ್ಲಿ ಆ ತೋಟ ಆರಂಭಿಸಿದ್ದು, ಟಿಪ್ಪು ಬೆಳೆಸಿದ್ದು, ಬಂಡೆಯ ಮೇಲೆ ಕೆಂಪೇಗೌಡ ಗೋಪುರ ಇರುವುದು, ಇಷ್ಟನ್ನು ಪಾಠ ಮಾಡಿದ್ದೆ. ಬಂಡೆಯನ್ನು ಮಾತ್ರ ನೋಡಿರಲಿಲ್ಲ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ದ್ವೀಪದ ಕಲ್ಲಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಹಳೆಯದು. ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ಬಸವನಗುಡಿಯ ಕಹಳೆ ಬಂಡೆಯೂ ಅದೇ ಜಾತಿಯ ಪುರಾತನ ಶಿಲೆ. ಮನೆಯ ಬಾಗಿಲಲ್ಲಿದ್ದುದನ್ನು ತಿಳಿಯಲು ನಾನು ಘಟ್ಟ ಇಳಿದು, ಕಡಲು ದಾಟಬೇಕಾಯಿತು. ಅಲ್ಲಿ ನನಗೆ ಪಾಠ ಹೇಳಿದವಳು ನನಗಿಂತ ಹತ್ತು ವರ್ಷ ಕಿರಿಯಳು.

ಉರ್ದುವಿನಲ್ಲಿ ಜೊತೆ ಪಯಣಿಗರಿಗೆ ಹಮ್‌ಸಫರ್ ಎನ್ನುತ್ತೇವೆ. ಆ ದಿನ ನಮಗೆ ಇನ್ನೂ ಹಮ್‌ಸಫರ್‌ಗಳು ಸಿಕ್ಕರು. ನಾವು ಜೊಹರ್ ನಮಾಜಿಗೆ ನಿಂತಾಗ ಚೀಲಗಳನ್ನು ಕಾದವರು ಹುಬ್ಬಳ್ಳಿಯ ವೃದ್ಧ ದಂಪತಿಗಳು. ನಮ್ಮ ರೊಟ್ಟಿಗೆ ಅವರ ಶೇಂಗಾ ಚಟ್ನಿ ಜೊತೆಯಾಯಿತು. ದೋಣಿ ಇಳಿಯುವಾಗ ದೋಣಿಯವರು "ಅಕ್ಕಾ, ನಿಧಾನ" ಎಂದು ಒಬ್ಬೊಬ್ಬರನ್ನೂ ಎಚ್ಚರಿಸಿ ಇಳಿಸಿದರು. ಮನೆಯಲ್ಲಿ ಕುಳಿತು ಹೆದರಿದ ಅಪರಿಚಿತರು ಇವರೇ.

ಪ್ರಯಾಣ ನಮ್ಮ ಸಂಪ್ರದಾಯವಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಇಬ್ನ್ ಬತೂತಾನನ್ನು ನೆನಪಿಸಿ. 1325ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಮೊರಾಕ್ಕೋದ ಟ್ಯಾಂಜಿಯರ್ ಬಿಟ್ಟು ಹೊರಟ ಆತ ಇದೇ ಕರಾವಳಿಯಲ್ಲಿ ಸಾಗಿದ. ಆತ ಹೆಸರಿಸಿದ ಫಾಕನೂರ್ ಮಲ್ಪೆಗೆ ಉತ್ತರದಲ್ಲಿರುವ ಬಾರ್ಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೊನ್ನಾವರದ ಬಗ್ಗೆ ಆತ ಬರೆಸಿದ ಒಂದು ಸಂಗತಿಯನ್ನು ನಮ್ಮ ಸಂಘದ ಗೋಡೆಯ ಮೇಲೆ ಬರೆದಿಡಬೇಕು. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13 ಶಾಲೆಗಳು ಇದ್ದವಂತೆ. ಇದು ಹದಿನಾಲ್ಕನೆಯ ಶತಮಾನದ ಮಾತು. ಅಂಥ ನಾಡಿನ ನಾವು ಇಂದು ಒಂದು ಚೀಟಿಗೆ ಸಹಿ ಹಾಕಲು ಹಿಂಜರಿಯಬೇಕೇ?

ಪೋಷಕರ ಆತಂಕ ಸುಳ್ಳಲ್ಲ. ನೀವು ಪ್ರಶ್ನೆ ಕೇಳಿ. ಶಿಕ್ಷಕಿಯರು ಎಷ್ಟು ಮಂದಿ, ಉಳಿಯುವುದು ಎಲ್ಲಿ, ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಉತ್ತರ ಹೇಳುವುದು ನಮ್ಮ ಕರ್ತವ್ಯ. ಉತ್ತರ ಸರಿಯಿಲ್ಲದಿದ್ದರೆ ಕಳುಹಿಸಬೇಡಿ. ಆದರೆ ಹೆಣ್ಣು ಎಂಬ ಒಂದೇ ಕಾರಣಕ್ಕೆ ಚೀಟಿಯನ್ನು ಖಾಲಿ ಬಿಡಬೇಡಿ. ತಾಯಂದಿರೂ ಜೊತೆಗೆ ಬನ್ನಿ, ಬಸ್ಸಿನಲ್ಲಿ ಜಾಗ ಮಾಡೋಣ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ದ್ವೀಪಕ್ಕೆ ಹೋಗುವ ಮುನ್ನ ಒಂದು ಭಾನುವಾರ ಲಾಲ್‌ಬಾಗ್ ಬಂಡೆ ಹತ್ತಿ. ಕಲ್ಲಿನ ಮೇಲೆ ಕೈಯಿಟ್ಟು ನೋಡಿ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಗ ದ್ವೀಪದ ಕಲ್ಲು ನಿಮ್ಮೊಂದಿಗೆ ಮಾತಾಡುತ್ತದೆ. ಸಿಕ್ಕವರನ್ನು ಸಂಕೋಚವಿಲ್ಲದೆ ಪ್ರಶ್ನೆ ಕೇಳಿ. ಕಪ್ಪೆಚಿಪ್ಪನ್ನು ಅಲ್ಲೇ ಬಿಟ್ಟು ಬನ್ನಿ.

ಊರಿಗೆ ಮರಳಿದ ಮೇಲೆ ನಾನು ಅಬ್ಬಾರನ್ನು ಆ ಬಂಡೆಗೆ ಕರೆದೊಯ್ದೆ. ದ್ವೀಪದ ಕಥೆಯನ್ನೆಲ್ಲ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ದೋಣಿಗೆ ಮುದುಕರನ್ನೂ ಹತ್ತಿಸಿಕೊಳ್ಳುತ್ತಾರಾ?" ಎಂದು ಕೇಳಿದರು. ಈ ಡಿಸೆಂಬರಿನ ಪ್ರವಾಸದ ಪಟ್ಟಿಯಲ್ಲಿ ಪೋಷಕರ ಸಾಲಿನ ಮೊದಲ ಹೆಸರು ಅವರದೇ.