ಹಸುವಿನ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್: ಮೊದಲ ಪಾಠ

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರಿಗೆ ನೀಡಿದ ಉಪನ್ಯಾಸ)



ಸಂಘದಲ್ಲಿ ಹಾಲು ಅಳೆದ ಕೂಡಲೇ ಲೀಟರ್, ಫ್ಯಾಟ್, ದರ, ಮೊತ್ತ ಎಲ್ಲವೂ ದಾಖಲಾಗುತ್ತವೆ. ಅದು ಹಾಲಿನ ಲೆಕ್ಕ. ಹಸುವಿನ ಲೆಕ್ಕ ಅಲ್ಲಿಲ್ಲ. ಎರಡು ಹಸುಗಳ ಹಾಲನ್ನು ಒಂದೇ ಕ್ಯಾನಿಗೆ ಸುರಿದು ತಂದರೆ, ಯಾವುದು ಮನೆ ನಡೆಸುತ್ತಿದೆ, ಯಾವುದು ಸಾಲ ಏರಿಸುತ್ತಿದೆ ಎಂದು ಸಂಘಕ್ಕೆ ಹೇಗೆ ತಿಳಿದೀತು? ಅದನ್ನು ತಾವೇ ಬರೆದಿಡಬೇಕು.

ಇದಕ್ಕೆ ಒದಗುವ ಸಾಧನವೇ ಸ್ಪ್ರೆಡ್‌ಶೀಟ್. ಕೊಳ್ಳೇಗಾಲದವರಿಗೆ ಮಗ್ಗದ ಹಾಸು ಹೊಕ್ಕು ಗೊತ್ತು. ಇಲ್ಲಿಯೂ ಮೇಲಿಂದ ಕೆಳಗೆ ಹಾಸಿನಂತೆ ಸಾಲುಗಳು, ಅವಕ್ಕೆ ಎ, ಬಿ, ಸಿ ಎಂಬ ಹೆಸರು. ಅಡ್ಡಕ್ಕೆ ಹೊಕ್ಕಿನಂತೆ ಸಾಲುಗಳು, ಅವಕ್ಕೆ 1, 2, 3. ಎರಡೂ ಕೂಡುವ ಚೌಕಕ್ಕೆ ಬಿ2, ಸಿ2 ಎನ್ನುತ್ತಾರೆ. ಅಮೆರಿಕದ ಡಾನ್ ಬ್ರಿಕ್ಲಿನ್ ಎಂಬುವರು ವಿದ್ಯಾರ್ಥಿಯಾಗಿದ್ದಾಗ, ಕಪ್ಪುಹಲಗೆಯ ಮೇಲೆ ಒಂದು ಅಂಕಿ ತಿದ್ದಿದರೆ ಉಳಿದ ಅಂಕಿಗಳನ್ನೆಲ್ಲ ಅಳಿಸಿ ಬರೆಯಬೇಕಾದುದನ್ನು ಕಂಡು ಈ ಉಪಾಯ ಹೂಡಿದರು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅವರು ರೂಪಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಮಾರುಕಟ್ಟೆಗೆ ಬಂತು. ಇಂದು ಎಕ್ಸೆಲ್, ಗೂಗಲ್ ಶೀಟ್ಸ್ ಮೊಬೈಲಿನಲ್ಲೇ ಸಿಗುತ್ತವೆ.

ಎ ಸಾಲಿನಲ್ಲಿ ದಿನಾಂಕ, ಬಿಯಲ್ಲಿ ಲೀಟರ್, ಸಿಯಲ್ಲಿ ದರ ಬರೆಯಿರಿ. ಡಿ2ರಲ್ಲಿ =ಬಿ2*ಸಿ2 ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರಿ. ಮೊದಲು ಸಮ ಚಿಹ್ನೆ ಇರಲೇಬೇಕು, ನಕ್ಷತ್ರ ಎಂದರೆ ಗುಣಾಕಾರ. ಆ ಚೌಕದ ಮೂಲೆ ಹಿಡಿದು ಕೆಳಗೆಳೆದರೆ ತಿಂಗಳ ಲೆಕ್ಕವೆಲ್ಲ ತಾನೇ ಬೀಳುತ್ತದೆ. ಒಂದು ಎಚ್ಚರಿಕೆ: ‘8.5 ಲೀ’ ಎಂದು ಬರೆಯಬೇಡಿ, ಬರಿಯ 8.5 ಸಾಕು. ಅಂಕಿಯ ಪಕ್ಕ ಅಕ್ಷರ ಸೇರಿದರೆ ಯಂತ್ರ ಅದನ್ನು ಮಾತು ಎಂದುಕೊಳ್ಳುತ್ತದೆ, ಗುಣಿಸುವುದಿಲ್ಲ. ಪ್ರತಿ ಹಸುವಿಗೂ ಬೇರೆ ಹಾಳೆ ಇರಲಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಹಾಳೆ ಹಾಕಿಕೊಡಲಿ. ಅಂಕಿ ಮಾತ್ರ ಹಾಲು ಕರೆಯುವವರೇ ಹೇಳಬೇಕು.

ಮೇವಿನ ಖರ್ಚಿಗೂ ಒಂದು ಸಾಲು ಬೇಕು. ಹನೂರು ಕಡೆ ಮಳೆ ತಪ್ಪಿದ ವರ್ಷ ಹುಲ್ಲು ಕೊಂಡು ತರುವವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಯಳಂದೂರಿನ ಗದ್ದೆಯವರು ಮನೆಯ ಭತ್ತದ ಹುಲ್ಲಿಗೆ ಬೆಲೆ ಕಟ್ಟುವುದೇ ಇಲ್ಲ. ಮಾರಿದ್ದರೆ ಬರುತ್ತಿದ್ದ ಹಣ ಖರ್ಚೇ ತಾನೇ?

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಹಾಕಿಕೊಂಡವು. ಗೌರಿ ಈದ ಹೊಸದರಲ್ಲಿ 14 ಲೀಟರ್ ಕೊಡುತ್ತಾಳೆ, ಊರೆಲ್ಲ ಹೊಗಳುತ್ತದೆ. ಸರಾಸರಿ 9 ಲೀಟರಿನಂತೆ 210 ದಿನ ಕರೆದು, 150 ದಿನ ಬತ್ತಿರುತ್ತಾಳೆ. ಲಕ್ಷ್ಮಿಯದು ಸರಾಸರಿ 7 ಲೀಟರೇ, ಆದರೆ 300 ದಿನ ಕರೆಯುತ್ತಾಳೆ, 60 ದಿನ ಮಾತ್ರ ಬತ್ತಿರುತ್ತಾಳೆ. ಗೌರಿಯ ಹಾಲು 1,890 ಲೀಟರ್, ಲಕ್ಷ್ಮಿಯದು 2,100. ಲೀಟರಿಗೆ 35 ರೂಪಾಯಿ ದರ ಹಿಡಿಯಿರಿ. ಕರೆಯುವ ದಿನದ ಮೇವಿಗೆ ಗೌರಿಗೆ 200, ಲಕ್ಷ್ಮಿಗೆ 170, ಬತ್ತಿದ ದಿನ ಇಬ್ಬರಿಗೂ 80 ರೂಪಾಯಿ. ಮೇವಿನ ಖರ್ಚು ಕಳೆದು ಗೌರಿಯಿಂದ ಉಳಿಯುವುದು 12,150 ರೂಪಾಯಿ, ಲಕ್ಷ್ಮಿಯಿಂದ 17,700. ಮಗಳ ಮದುವೆಗೋ ಸಾಲದ ಕಂತಿಗೋ ಒಂದನ್ನು ಮಾರಬೇಕಾಗಿ ಬಂದಾಗ, ಬಕೆಟ್ ನೋಡಿ ಲಕ್ಷ್ಮಿಯನ್ನೇ ಸಂತೆಗೆ ಹೊಡೆಯುವವರು ನಮ್ಮಲ್ಲಿ ಹೆಚ್ಚು.

ಹಾಗೆಂದು ಗೌರಿಯನ್ನು ಮಾರಿ ಎನ್ನುತ್ತಿಲ್ಲ. ಕರು ಹಾಕುವ ಮುನ್ನ ಎರಡು ತಿಂಗಳ ವಿಶ್ರಾಂತಿ ಬೇಕೇ ಬೇಕು. ಅದಕ್ಕಿಂತ ಹೆಚ್ಚು ದಿನ ಖಾಲಿ ನಿಂತರೆ, ಗಬ್ಬ ತಡವಾಗಿದೆಯೇ ಎಂದು ಮೊದಲು ನೋಡಬೇಕು. ಆದ್ದರಿಂದ ಹಾಳೆಯ ಖಾಲಿ ಜಾಗದಲ್ಲಿ ಇನ್ನೆರಡು ಚೌಕ ಸೇರಿಸಿ: ಈದ ದಿನಾಂಕ, ಬೆದೆಗೆ ಬಂದ ದಿನಾಂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಯಂತ್ರ ದಿನಗಳನ್ನು ಎಣಿಸಿ ಕೊಡುತ್ತದೆ. ಈದು 90 ದಿನ ಕಳೆದರೂ ಬೆದೆಯ ಚೌಕ ಖಾಲಿಯಿದ್ದರೆ ಪಶುವೈದ್ಯರನ್ನು ಕರೆಸಿ, ಆ ಹಾಳೆಯನ್ನೇ ಅವರ ಮುಂದೆ ಹಿಡಿಯಿರಿ.